ಹದಿನೆಂಟರ ಹುಡುಗ ಎನ್‌ಎಚ್‌ಎಲ್‌ಗೆ ಸಿದ್ಧನೇ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಪ್ರತಿವರ್ಷ ಡ್ರಾಫ್ಟ್ ನಡೆಸಿ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತದೆ. ಅದು ಮುಗಿದ ಮರುದಿನದಿಂದಲೇ ಅಭಿಮಾನಿಗಳಲ್ಲಿ ಒಂದೇ ಚರ್ಚೆ: ಇವನು ಈ ಅಕ್ಟೋಬರ್‌ನಲ್ಲೇ ಆಡಬಲ್ಲನೇ, ಇನ್ನೊಂದು ವರ್ಷ ಕಾಯಬೇಕೇ? ಟೊರಾಂಟೊ, ಷಿಕಾಗೊ ಕಡೆ ನೆಲೆಸಿ ಮಕ್ಕಳ ಜೊತೆ ಈ ಆಟಕ್ಕೆ ಒಲಿದ ಕನ್ನಡಿಗರೂ, ಇಲ್ಲಿ ನಸುಕಿನಲ್ಲಿ ಎದ್ದು ಪಂದ್ಯ ನೋಡುವವರೂ ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ. ಆಟದ ಮೂಲ ನಿಯಮಗಳು ಗೊತ್ತಿವೆ ಎಂದುಕೊಂಡೇ ಬರೆದಿದ್ದೇನೆ.

ಡ್ರಾಫ್ಟ್‌ನಲ್ಲಿ ಆಯ್ಕೆಯಾದವನು ನೇರವಾಗಿ ತಂಡ ಸೇರುವುದಿಲ್ಲವೇ?

ಬಹುಪಾಲು ಹುಡುಗರು ಸೇರುವುದಿಲ್ಲ. 32 ತಂಡಗಳು ಏಳು ಸುತ್ತುಗಳಲ್ಲಿ ಒಟ್ಟು 224 ಹೆಸರು ಕರೆಯುತ್ತವೆ. ಅದೇ ವರ್ಷ ಎನ್‌ಎಚ್‌ಎಲ್‌ನಲ್ಲಿ ನೆಲೆ ನಿಲ್ಲುವವರು ಬೆರಳೆಣಿಕೆಯಷ್ಟು. ಐಪಿಎಲ್ ಹರಾಜಿನಲ್ಲಿ ಕೊಂಡ ಆಟಗಾರ ಮುಂದಿನ ಋತುವಿಗೇ ಬರುತ್ತಾನೆ. ಇಲ್ಲಿ ಆಯ್ಕೆಯಾಯಿತೆಂದರೆ ಆ ಹುಡುಗನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಇಂಥ ತಂಡದ್ದು ಎಂದಾಯಿತು, ಅಷ್ಟೇ. ಹುಡುಗರು ತಮ್ಮ ಜೂನಿಯರ್ ತಂಡಕ್ಕೋ, ಅಮೆರಿಕದ ಕಾಲೇಜಿಗೋ, ಸ್ವೀಡನ್, ಫಿನ್ಲೆಂಡ್, ರಷ್ಯಾಗಳ ಕ್ಲಬ್‌ಗಳಿಗೋ ಮರಳುತ್ತಾರೆ.

ಹಾಗಾದರೆ ‘ಸಿದ್ಧ’ ಎಂದು ಯಾರನ್ನು ಕರೆಯಬೇಕು?

ಆ ಮಟ್ಟದಲ್ಲಿ ಪೆಟ್ಟು ತಿಂದೂ ನಿಲ್ಲಬಲ್ಲನೇ ಎಂದು ಹೆಚ್ಚಿನವರು ಕೇಳುತ್ತಾರೆ. ನನಗೆ ಈ ಅಳತೆ ಸಾಲದು ಅನಿಸುತ್ತದೆ. ಸರದಿಯಂತೆ ಅಂಗಣಕ್ಕಿಳಿಯುವ ಗುಂಪುಗಳಲ್ಲಿ ಕೊನೆಯದಾದ ನಾಲ್ಕನೇ ಸಾಲಿನಲ್ಲಿ ಪಂದ್ಯಕ್ಕೆ ಏಳೆಂಟು ನಿಮಿಷ ಆಡಿ, ತಪ್ಪು ಮಾಡದೆ ಬೆಂಚಿಗೆ ಮರಳಬಲ್ಲ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅದರಿಂದ ಅವರು ಏನು ಕಲಿತರು? ಕೇಳಬೇಕಾದ್ದು ಇದನ್ನು: ಯಾವ ಗುಣ ನೋಡಿ ಅವನನ್ನು ಆರಿಸಿದರೋ, ಆ ಗುಣವನ್ನು ತೋರಿಸುವಷ್ಟು ಹೊತ್ತು ಅಲ್ಲಿ ಅವನ ಸ್ಟಿಕ್‌ನಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಇರುತ್ತದೆಯೇ? ಪಾಸ್ ಕೊಡುವುದರಲ್ಲಿ ಜಾಣನಾದವನು ವರ್ಷವಿಡೀ ಪಕ್ ಅನ್ನು ಗೋಡೆಗೆ ಬಡಿದು ಹೊರದಾಟಿಸುವುದನ್ನೇ ಮಾಡಿದರೆ, ಹತ್ತೊಂಬತ್ತನೇ ವಯಸ್ಸಿಗೆ ಅವನ ಕೈ ಅದಕ್ಕೇ ಒಗ್ಗಿಹೋಗಿರುತ್ತದೆ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಈ ಅಳತೆಯನ್ನೇ ಬಳಸಿದ್ದೇನೆ.

ಜೂನಿಯರ್ ಲೀಗ್‌ನಲ್ಲಿ ಗೋಲುಗಳ ಮಳೆ ಸುರಿಸಿದವನು ಇಲ್ಲಿ ಏಕೆ ಒದ್ದಾಡುತ್ತಾನೆ?

ಕಾನರ್ ಬೆಡಾರ್ಡ್ 2022-23ರಲ್ಲಿ ಜೂನಿಯರ್ ತಂಡವಾದ ರಿಜೈನಾ ಪ್ಯಾಟ್ಸ್ ಪರ 57 ಪಂದ್ಯಗಳಲ್ಲಿ 143 ಅಂಕ ಗಳಿಸಿದ. ಗೋಲಿಗೊಂದು, ಗೋಲಿಗೆ ನೆರವಾದರೆ ಒಂದು ಎಂಬ ಲೆಕ್ಕದಲ್ಲಿ. ಮರುವರ್ಷ ಎನ್‌ಎಚ್‌ಎಲ್‌ನಲ್ಲಿ ಷಿಕಾಗೊ ಪರ 68 ಪಂದ್ಯಗಳಲ್ಲಿ 61 ಅಂಕ. ಪಂದ್ಯಕ್ಕೆ ಎರಡೂವರೆಯಿದ್ದ ಸರಾಸರಿ ಒಂದಕ್ಕಿಂತ ಕೆಳಗಿಳಿಯಿತು. ಅಷ್ಟಾದರೂ ಅವನು ಆ ವರ್ಷದ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಪ್ರಶಸ್ತಿ ಗೆದ್ದ. ಇನ್ನು ಸಾಮಾನ್ಯ ಪ್ರತಿಭಾವಂತರ ಪಾಡನ್ನು ಊಹಿಸಿಕೊಳ್ಳಿ.

ಒಂದು ಲೀಗ್‌ನ ಅಂಕವನ್ನು ಇನ್ನೊಂದರ ಅಂಕಕ್ಕೆ ಪರಿವರ್ತಿಸುವ ಲೆಕ್ಕಾಚಾರವೊಂದು ಬಳಕೆಯಲ್ಲಿದೆ. ಒಂದು ಲೀಗ್‌ನಿಂದ ಎನ್‌ಎಚ್‌ಎಲ್‌ಗೆ ಬಂದವರೆಲ್ಲರ ಹಿಂದುಮುಂದಿನ ಅಂಕಗಳನ್ನು ತಾಳೆ ಹಾಕಿ ತೆಗೆದ ಗುಣಕ ಅದು. ಲೆಕ್ಕ ಮಾಡುವವರನ್ನು ಅನುಸರಿಸಿ ಸಂಖ್ಯೆ ಬದಲಾಗುತ್ತದೆ. ಒಟ್ಟಾರೆ ಹೇಳುವುದಾದರೆ, ಸ್ವೀಡನ್ನಿನ ಮೇಲ್ಮಟ್ಟದ ಲೀಗ್‌ನ ಒಂದು ಅಂಕ ಇಲ್ಲಿ ಅರ್ಧ ಅಂಕದ ಆಸುಪಾಸು. ಎನ್‌ಎಚ್‌ಎಲ್‌ನ ನೇರ ಕೆಳಗಿನ ಮೆಟ್ಟಿಲಾದ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್‌ನ ಅಂಕ ಅರ್ಧಕ್ಕಿಂತ ಕಡಿಮೆ. ಕೆನಡಾದ ಜೂನಿಯರ್ ಲೀಗ್‌ಗಳದ್ದು ಸುಮಾರು ಮೂರನೇ ಒಂದು ಭಾಗ. ಇದರಿಂದ ಹುಡುಗರನ್ನು ಒಬ್ಬರೊಂದಿಗೊಬ್ಬರು ಹೋಲಿಸಬಹುದು. ಆದರೆ ಅಂಕ ಯಾವ ದಾರಿಯಿಂದ ಬಂತು ಎಂಬುದು ಇದರಲ್ಲಿ ಕಾಣುವುದಿಲ್ಲ, ನಮಗೆ ಮುಖ್ಯವಾದದ್ದು ಅದೇ. ಜೂನಿಯರ್‌ನಲ್ಲಿ ವೇಗವೊಂದನ್ನೇ ನಂಬಿ ರಕ್ಷಣಾ ಆಟಗಾರನನ್ನು ಹೊರಗಿನಿಂದ ಸುತ್ತಿ ದಾಟುವವನಿಗೆ ಇಲ್ಲಿ ಆ ದಾರಿ ಮುಚ್ಚಿರುತ್ತದೆ, ಏಕೆಂದರೆ ಎದುರಿಗಿರುವವನೂ ಅಷ್ಟೇ ವೇಗದವನು, ಮೇಲಾಗಿ ಕೈ ಉದ್ದ. ನಡುವಿನ ಕಿಕ್ಕಿರಿದ ಜಾಗಕ್ಕೆ ನುಗ್ಗಿ ಗಳಿಸಿದ ಗೋಲುಗಳು ಮಾತ್ರ ಜೊತೆಗೆ ಬರುತ್ತವೆ.

ಯೂರೋಪಿನಿಂದ ಬರುವವರಿಗೆ ಇನ್ನೊಂದು ತೊಡಕು ಅಂಗಣದ್ದು. ಅಲ್ಲಿನ ಹಲವು ಅಂಗಣಗಳು 30 ಮೀಟರ್ ಅಗಲ, ಇಲ್ಲಿನವು ಸುಮಾರು 26. ಆ ನಾಲ್ಕು ಮೀಟರ್ ಹೋದಾಗ ಹೋಗುವುದು ಯೋಚಿಸುವ ಸಮಯ.

ಟಿ.ವಿ.ಯಲ್ಲಿ ನೋಡುವಾಗ ಏನನ್ನು ಗಮನಿಸಲಿ?

ಗೋಲುಗಳ ತುಣುಕು ನೋಡಬೇಡಿ, ಪೂರ್ತಿ ಪಂದ್ಯ ನೋಡಿ. ಅದರಲ್ಲೂ ಪಕ್ ಅನ್ನು ಬಿಟ್ಟು ಹುಡುಗನನ್ನೇ ನೋಡಿ.

ರಕ್ಷಣಾ ಆಟಗಾರನಾದರೆ ಒಂದು ಸನ್ನಿವೇಶ ಸಾಕು. ಎದುರಾಳಿಗಳು ಮಧ್ಯರೇಖೆ ದಾಟಿ ಪಕ್ ಅನ್ನು ಮೂಲೆಗೆ ಹೊಡೆದು ಬಿಡುತ್ತಾರೆ. ನಮ್ಮ ಹುಡುಗ ತಿರುಗಿ ಅದರ ಬೆನ್ನು ಹತ್ತುತ್ತಾನೆ. ಪಕ್ ಮುಟ್ಟುವ ಮೊದಲು ಅವನು ಹೆಗಲ ಮೇಲಿಂದ ಹಿಂದಕ್ಕೆ ಎಷ್ಟು ಸಲ ಕತ್ತು ಹೊರಳಿಸಿದ ಎಂದು ಎಣಿಸಿ. ಪಳಗಿದವನು ತಿರುಗಿದ ಕೂಡಲೇ ಒಮ್ಮೆ ನೋಡುತ್ತಾನೆ, ಮುಟ್ಟುವುದಕ್ಕೆ ತುಸು ಮುಂಚೆ ಮತ್ತೊಮ್ಮೆ. ಬೆನ್ನಟ್ಟಿ ಬರುವವನು ಎಡದಿಂದಲೋ ಬಲದಿಂದಲೋ ಎಂಬುದು ಮೊದಲ ನೋಟಕ್ಕೆ ತಿಳಿಯುತ್ತದೆ. ಅವನು ಎಷ್ಟು ಹತ್ತಿರ ಬಂದ, ತನ್ನ ಜೊತೆಗಾರ ಎಲ್ಲಿ ನಿಂತ ಎಂಬುದು ಎರಡನೆಯದಕ್ಕೆ. ಆಮೇಲೆ ಎಡಕ್ಕೆ ಹೊರಟವನಂತೆ ಹೆಗಲು ಬಾಗಿಸುತ್ತಾನೆ, ಬೆನ್ನಟ್ಟಿದವನು ಅತ್ತ ವಾಲುತ್ತಾನೆ, ಅಷ್ಟರಲ್ಲಿ ಪಕ್ ಗೋಲಿನ ಹಿಂದಿನಿಂದ ಬಲಗಡೆಯ ಜೊತೆಗಾರನ ಸ್ಟಿಕ್ ಸೇರಿರುತ್ತದೆ. ಎಲ್ಲ ಎರಡು ಮೂರು ಸೆಕೆಂಡಿನ ಕೆಲಸ. ಪಳಗದವನು ಪಕ್ ಕೈಗೆ ಬಂದ ಮೇಲೆ ತಲೆ ಎತ್ತುತ್ತಾನೆ. ಜೂನಿಯರ್‌ನಲ್ಲಿ ಅದಕ್ಕೆ ಸಮಯವಿರುತ್ತದೆ. ಇಲ್ಲಿ ತಲೆ ಎತ್ತುವ ಹೊತ್ತಿಗೆ ನೂರು ಕಿಲೋ ತೂಕದವನೊಬ್ಬ ಅವನನ್ನು ಗೋಡೆಗೆ ಒತ್ತಿರುತ್ತಾನೆ.

ಫಾರ್ವರ್ಡ್ ಆದರೆ, ತನ್ನ ತಂಡ ಪಕ್ ಕಳೆದುಕೊಂಡ ಕ್ಷಣ ಅವನ ಮೊದಲ ಮೂರು ಹೆಜ್ಜೆ ಎತ್ತ ಎಂದು ನೋಡಿ. ಹಿಂದಕ್ಕೆ ಓಡುವಾಗ ಸುಮ್ಮನೆ ತನ್ನ ಗೋಲಿನತ್ತ ಧಾವಿಸುತ್ತಾನೋ, ಓಡುತ್ತಲೇ ತಾನು ಹಿಡಿಯಬೇಕಾದ ಎದುರಾಳಿಯನ್ನು ಹುಡುಕುತ್ತಾನೋ? ಸೆಂಟರ್ ಆಟಗಾರನಾದರೆ ಫೇಸ್‌ಆಫ್, ಅಂದರೆ ಆಟ ಶುರುವಾಗುವಾಗ ಇಬ್ಬರ ನಡುವೆ ಬೀಳಿಸಿದ ಪಕ್‌ಗಾಗಿ ನಡೆಯುವ ಪೈಪೋಟಿಯನ್ನೂ ನೋಡಿ. ಆದರೆ ಅದಕ್ಕೆ ಅತಿಯಾದ ಬೆಲೆ ಕೊಡಬೇಡಿ. ಬೆಡಾರ್ಡ್ ತನ್ನ ಮೊದಲ ವರ್ಷ ನೂರಕ್ಕೆ ನಲವತ್ತು ಫೇಸ್‌ಆಫ್‌ಗಳನ್ನೂ ಗೆಲ್ಲಲಿಲ್ಲ; ಅದು ತೋಳಿನ ಬಲ, ಅನುಭವಗಳ ಜೊತೆ ಬರುವ ವಿದ್ಯೆ.

ಪಕ್ ಇಲ್ಲದಾಗಿನ ಈ ಆಟಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಇಬ್ಬರು ಸಾಕ್ಷಿ. ಪ್ಯಾಟ್ರಿಸ್ ಬರ್ಜರಾನ್ 2003ರಲ್ಲಿ ಎರಡನೇ ಸುತ್ತಿನ 45ನೇ ಆಯ್ಕೆ. ರಾಯನ್ ಓ’ರೈಲಿ 2009ರಲ್ಲಿ 33ನೆಯವನು. ಇಬ್ಬರೂ ಹದಿನೆಂಟಕ್ಕೇ ನೇರವಾಗಿ ಎನ್‌ಎಚ್‌ಎಲ್‌ನಲ್ಲಿ ನಿಂತರು. ಅವರಿಗಿಂತ ಮೊದಲು ಹೆಸರು ಕರೆಸಿಕೊಂಡ ಎಷ್ಟೋ ಮಂದಿ ಇನ್ನೂ ಜೂನಿಯರ್‌ನಲ್ಲಿದ್ದರು. ಇಬ್ಬರೂ ಮುಂದೆ ರಕ್ಷಣೆಯಲ್ಲಿ ಶ್ರೇಷ್ಠನಾದ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಪ್ರಶಸ್ತಿ ಪಡೆದವರು, ಬರ್ಜರಾನ್ ಆರು ಸಲ.

ಮೈಕಟ್ಟು ಎಷ್ಟು ಮುಖ್ಯ?

ಜನ ಅಂದುಕೊಂಡಷ್ಟಲ್ಲ. ಡ್ರಾಫ್ಟ್‌ಗೆ ಮುಂಚೆ ಹುಡುಗರ ದೇಹಬಲವನ್ನು ಅಳೆಯುವ ಶಿಬಿರವೊಂದಿದೆ. 2014ರ ಶಿಬಿರದಲ್ಲಿ ಸ್ಯಾಮ್ ಬೆನೆಟ್‌ಗೆ ಕಂಬಿ ಹಿಡಿದು ಒಂದು ಸಲವೂ ಮೇಲೇಳಲಾಗಲಿಲ್ಲ. ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ಕ್ಯಾಲ್ಗರಿ ಅವನನ್ನು ನಾಲ್ಕನೆಯವನಾಗಿ ಆರಿಸಿತು. 2025ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಎನ್‌ಎಚ್‌ಎಲ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೆನಿಸಿದವನು ಇದೇ ಬೆನೆಟ್, ಅದೂ ಮೈಮೇಲೆ ಬೀಳುವ ಒರಟು ಆಟಕ್ಕೆ ಹೆಸರಾಗಿ.

ಆದರೆ ಸಣ್ಣ ಮೈಯವರಿಗೆ ಕಾಯುವ ವರ್ಷಗಳು ನಿಜಕ್ಕೂ ಬೇಕು. 2011ರಲ್ಲಿ 104ನೆಯವನಾಗಿ ಆಯ್ಕೆಯಾದ ಜಾನಿ ಗೌಡ್ರೊ ಬಾಸ್ಟನ್ ಕಾಲೇಜಿನಲ್ಲಿ ಮೂರು ವರ್ಷ ಆಡಿ ಬಂದ, ಬಂದ ಮೊದಲ ಪೂರ್ಣ ಋತುವಿನಲ್ಲೇ 64 ಅಂಕ ಗಳಿಸಿದ. ಮಾಂಟ್ರಿಯಲ್‌ನ ಲೇನ್ ಹಟ್ಸನ್ 2022ರಲ್ಲಿ 62ನೆಯವನು. ರಕ್ಷಣಾ ಆಟಗಾರನಿಗೆ ತೀರ ಗಿಡ್ಡ ಎಂದು ತಂಡಗಳು ಹಿಂಜರಿದಿದ್ದವು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ ಬಂದವನು 2024-25ರಲ್ಲಿ 66 ಅಂಕ ಗಳಿಸಿ ಕಾಲ್ಡರ್ ಪಡೆದ. ಮೈಯಿಂದ ಗೆಲ್ಲಲಾಗದ ಜಾಗದಲ್ಲಿ ಸೊಂಟ ತಿರುಗಿಸಿ, ಬೇಗ ಯೋಚಿಸಿ ಗೆಲ್ಲುವುದನ್ನು ಇಬ್ಬರೂ ಆ ವರ್ಷಗಳಲ್ಲಿ ಕರಗತ ಮಾಡಿಕೊಂಡಿದ್ದರು.

ಒಂಬತ್ತು ಪಂದ್ಯಗಳ ಲೆಕ್ಕ ಏನದು?

ಹದಿನೆಂಟು, ಹತ್ತೊಂಬತ್ತರ ಹುಡುಗ ಸಹಿ ಮಾಡುವ ಮೊದಲ ಒಪ್ಪಂದ ಮೂರು ವರ್ಷದ್ದು. ಆ ಋತುವಿನಲ್ಲಿ ಅವನು ಹತ್ತಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ ಒಪ್ಪಂದದ ಆ ವರ್ಷ ಖರ್ಚಾಗುವುದಿಲ್ಲ, ಇಡೀ ಒಪ್ಪಂದ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ತಂಡಗಳು ಒಂಬತ್ತು ಪಂದ್ಯ ಆಡಿಸಿ ನೋಡಿ ತೀರ್ಮಾನಿಸುತ್ತವೆ. ಮುಂದೆ 40 ಪಂದ್ಯಗಳ ಗಡಿ ಇನ್ನೊಂದಿದೆ. ಅಷ್ಟು ಪಂದ್ಯಗಳ ಕಾಲ ತಂಡದ ಪಟ್ಟಿಯಲ್ಲಿದ್ದರೆ ಹುಡುಗ ತನಗಿಷ್ಟವಾದ ತಂಡ ಸೇರಲು ಸ್ವತಂತ್ರನಾಗುವ ದಿನ ಒಂದು ವರ್ಷ ಹತ್ತಿರವಾಗುತ್ತದೆ.

ಹಾಗಾಗಿ ನವೆಂಬರ್‌ನಲ್ಲಿ ಹುಡುಗನನ್ನು ವಾಪಸು ಕಳಿಸಿದರೆ ಅದನ್ನು ಅವನ ಆಟದ ಮೇಲಿನ ತೀರ್ಪೆಂದು ಓದಬೇಡಿ. ಅರ್ಧ ಲೆಕ್ಕ ಹಣದ್ದು.

ಜೂನಿಯರ್‌ಗೆ ಹೆಚ್ಚು, ಎನ್‌ಎಚ್‌ಎಲ್‌ಗೆ ಕಡಿಮೆ ಎಂದಾದರೆ ನಡುವಿನ ಎಎಚ್‌ಎಲ್‌ಗೆ ಏಕೆ ಕಳಿಸುವುದಿಲ್ಲ?

ಈ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸಿದ ನಿಯಮ ಇದು. ಕೆನಡಾದ ಮೂರು ಮೇಜರ್ ಜೂನಿಯರ್ ಲೀಗ್‌ಗಳೊಂದಿಗೆ ಎನ್‌ಎಚ್‌ಎಲ್ ಮಾಡಿಕೊಂಡ ಒಪ್ಪಂದದಂತೆ, ಅಲ್ಲಿಂದ ಆಯ್ಕೆಯಾದ ಇಪ್ಪತ್ತು ತುಂಬದ ಹುಡುಗ ಎನ್‌ಎಚ್‌ಎಲ್‌ನಲ್ಲಿ ಆಡಬೇಕು, ಇಲ್ಲವೇ ತನ್ನ ಜೂನಿಯರ್ ತಂಡಕ್ಕೆ ಮರಳಬೇಕು. ಜೂನಿಯರ್ ತಂಡಗಳ ಟಿಕೆಟ್ ಮಾರಾಟ ಇಂಥ ತಾರೆಗಳ ಮೇಲೆ ನಿಂತಿದೆ, ಆ ಸಂಕಟ ಅರ್ಥವಾಗುತ್ತದೆ. ಆದರೆ ಬೆಲೆ ತೆತ್ತವರು ಹುಡುಗರು. ಯೂರೋಪಿನ ಕ್ಲಬ್‌ನಿಂದ ಆಯ್ಕೆಯಾದವನಿಗೆ ಈ ಕಟ್ಟು ಇಲ್ಲ: ಜರ್ಮನಿಯ ಮೊರಿಟ್ಸ್ ಸೈಡರ್ 2019ರಲ್ಲಿ ಆರನೆಯವನಾಗಿ ಆಯ್ಕೆಯಾಗಿ ಹದಿನೆಂಟಕ್ಕೇ ಎಎಚ್‌ಎಲ್‌ನಲ್ಲಿ ಆಡಿದ, ಮರುವರ್ಷ ಸ್ವೀಡನ್ನಿನಲ್ಲಿ ಆಡಿದ, 2021-22ರಲ್ಲಿ ಡೆಟ್ರಾಯಿಟ್‌ಗೆ ಬಂದು 50 ಅಂಕದೊಂದಿಗೆ ಕಾಲ್ಡರ್ ಗೆದ್ದ. ಹಂತ ಹಂತವಾಗಿ ಏರುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

2025ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡ ಹೊಸ ಕರಾರಿನಲ್ಲಿ, 2026-27ರಿಂದ ಪ್ರತಿ ತಂಡ ಹತ್ತೊಂಬತ್ತು ವಯಸ್ಸಿನ ಒಬ್ಬ ಜೂನಿಯರ್ ಆಟಗಾರನನ್ನು ಎಎಚ್‌ಎಲ್‌ಗೆ ಕಳಿಸಲು ದಾರಿ ಮಾಡಲಾಗಿದೆ. ತಡವಾಗಿಯಾದರೂ ಬಂತು.

ಬೇಗ ಕರೆತಂದರೆ ನಿಜವಾಗಿಯೂ ಹಾನಿಯೇ? ಬೇಗ ಬಂದು ಬೆಳೆದವರೂ ಇದ್ದಾರಲ್ಲ?

ಇದ್ದಾರೆ. ಜೋ ಥಾರ್ನ್‌ಟನ್ 1997ರ ಮೊದಲ ಆಯ್ಕೆ. ಮೊದಲ ಋತುವಿನ 55 ಪಂದ್ಯಗಳಲ್ಲಿ ಬರೀ ಏಳು ಅಂಕ. 2005-06ರಲ್ಲಿ 125 ಅಂಕ ಗಳಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಪ್ರಶಸ್ತಿ ಪಡೆದ. ಜ್ಯಾಕ್ ಹ್ಯೂಸ್ ಮೊದಲ ವರ್ಷ 61 ಪಂದ್ಯಗಳಲ್ಲಿ 21 ಅಂಕ, ನಾಲ್ಕನೇ ವರ್ಷ 99. ಇಂಥವರನ್ನು ಮುಂದಿಟ್ಟು ‘ನೀರಿಗೆ ಬಿದ್ದರೆ ಈಜು ಬರುತ್ತದೆ’ ಎನ್ನುವವರಿದ್ದಾರೆ. ಮುಳುಗಿದವರ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲವಾದ್ದರಿಂದ ಆ ವಾದ ಯಾವಾಗಲೂ ಗಟ್ಟಿಯಾಗಿ ಕೇಳಿಸುತ್ತದೆ.

ನನ್ನ ನಿಲುವನ್ನು ಗಟ್ಟಿ ಮಾಡಿದ್ದು ಲಿಯಾನ್ ಡ್ರೈಸೈಟಲ್‌ನ ಕಥೆ. 2014ರಲ್ಲಿ ಮೂರನೆಯವನಾಗಿ ಎಡ್‌ಮಂಟನ್‌ಗೆ ಆಯ್ಕೆಯಾದ ಈ ಜರ್ಮನ್ ಹುಡುಗನನ್ನು ಅದೇ ವರ್ಷ ತಂಡಕ್ಕೆ ಹಾಕಿಕೊಂಡರು. 37 ಪಂದ್ಯ, ಎರಡು ಗೋಲು, ಒಂಬತ್ತು ಅಂಕ. ಹೆಜ್ಜೆ ಭಾರ, ಪಕ್ ಬಂದ ಕೂಡಲೇ ಮೈಮೇಲೆ ಜನ. 2015ರ ಜನವರಿಯಲ್ಲಿ ಅವನನ್ನು ಕೆಲೋನಾದ ಜೂನಿಯರ್ ತಂಡಕ್ಕೆ ಕಳಿಸಿದರು. ಅಲ್ಲಿ ಪಕ್ ಮತ್ತೆ ಅವನದಾಯಿತು. ತಂಡ ತನ್ನ ಲೀಗ್ ಗೆದ್ದಿತು. ಕೆನಡಾದ ಜೂನಿಯರ್ ಕಿರೀಟವಾದ ಮೆಮೋರಿಯಲ್ ಕಪ್‌ನ ಫೈನಲ್‌ನಲ್ಲಿ ಸೋತರೂ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ ಆದ. ಮುಂದಿನ ಋತುವನ್ನು ಎಎಚ್‌ಎಲ್‌ನಲ್ಲಿ ಶುರು ಮಾಡಿ ಮೇಲೆ ಬಂದ. 2019-20ರಲ್ಲಿ 110 ಅಂಕ, ಹಾರ್ಟ್ ಪ್ರಶಸ್ತಿ. ವಾಪಸು ಕಳಿಸಿದ ದಿನ ಅದನ್ನು ಸೋಲೆಂದು ಬರೆದವರು ಕಡಿಮೆಯಿರಲಿಲ್ಲ. ಅವನ ಬದುಕಿನಲ್ಲಿ ಆ ತಂಡ ಮಾಡಿದ ಅತಿ ಒಳ್ಳೆಯ ಕೆಲಸ ಅದು ಎಂದು ನಾನು ನಂಬಿದ್ದೇನೆ.

ಷೇನ್ ರೈಟ್‌ನದು ಇದಕ್ಕಿಂತ ಕಷ್ಟದ ದಾರಿ. 2022ರಲ್ಲಿ ಮೊದಲನೆಯವನಾಗುತ್ತಾನೆಂದು ಎಲ್ಲರೂ ಎಣಿಸಿದ್ದ ಹುಡುಗ ನಾಲ್ಕನೆಯವನಾದ. ಮೊದಲ ಋತುವಿನಲ್ಲಿ ಸಿಯಾಟಲ್ ಪರ ಎಂಟೇ ಪಂದ್ಯ. ಉಳಿದ ಹೊತ್ತು ಅಲ್ಲಿಲ್ಲಿ ಅಲೆದಾಟ, ಬೆಂಚು, ವಿಶ್ವ ಜೂನಿಯರ್ ಟೂರ್ನಿ, ಕೊನೆಗೆ ಜೂನಿಯರ್ ಲೀಗ್. ಮರುವರ್ಷ ಎಎಚ್‌ಎಲ್‌ನಲ್ಲಿ ನೆಮ್ಮದಿಯಾಗಿ ಆಡಲು ಬಿಟ್ಟ ಮೇಲೆ ಚೇತರಿಸಿಕೊಂಡ. 2024-25ರಲ್ಲಿ ಎನ್‌ಎಚ್‌ಎಲ್‌ನಲ್ಲಿ 44 ಅಂಕ ಬಂದವು.

ತಡ ಮಾಡಿದರೆ ಹುಡುಗ ಬೇಸತ್ತುಹೋಗುವುದಿಲ್ಲವೇ?

ಕೆಲವರು ಬೇಸರಪಡುತ್ತಾರೆ, ನಿಜ. ಆದರೆ ಡೆಟ್ರಾಯಿಟ್ ರೆಡ್ ವಿಂಗ್ಸ್ ತನ್ನ ಒಳ್ಳೆಯ ವರ್ಷಗಳಲ್ಲಿ ಹುಡುಗರನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಮಾಗಲು ಬಿಡುತ್ತಿತ್ತು. ಪಾವೆಲ್ ದಾತ್ಸ್ಯುಕ್ 1998ರಲ್ಲಿ 171ನೆಯವನು, 2001ರಲ್ಲಿ ಬಂದಾಗ ವಯಸ್ಸು 23. ಹೆನ್ರಿಕ್ ಜೆಟರ್‌ಬರ್ಗ್ 1999ರಲ್ಲಿ 210ನೆಯವನು, 2002ರಲ್ಲಿ ಬಂದ. 2008ರ ಸ್ಟ್ಯಾನ್ಲಿ ಕಪ್ ಗೆಲುವಿಗೆ ಇಬ್ಬರೂ ಬೆನ್ನೆಲುಬಾದರು.

ಗೋಲ್‌ಕೀಪರ್‌ಗಳಿಗೂ ಇದೇ ಅಳತೆಯೇ?

ಅವರ ಲೆಕ್ಕವೇ ಬೇರೆ. 2003ರ ಮೊದಲ ಆಯ್ಕೆ ಮಾರ್ಕ್-ಆಂದ್ರೆ ಫ್ಲೂರಿ ಹದಿನೆಂಟಕ್ಕೆ ಪಿಟ್ಸ್‌ಬರ್ಗ್ ಪರ 21 ಪಂದ್ಯ ಆಡಿ ಜೂನಿಯರ್‌ಗೆ ಮರಳಿದ. ಅಂಥವರು ಅಪರೂಪ. ಇಗೊರ್ ಶೆಸ್ಟೆರ್ಕಿನ್ ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿದ್ದು 24ಕ್ಕೆ. 2012ರಲ್ಲಿ 130ನೆಯವನಾಗಿ ಆಯ್ಕೆಯಾದ ಕಾನರ್ ಹೆಲ್ಲೆಬಕ್ ಕಾಲೇಜು, ಎಎಚ್‌ಎಲ್ ಎಲ್ಲ ಹಾದು ಬಂದು 2025ರಲ್ಲಿ ಹಾರ್ಟ್ ಪ್ರಶಸ್ತಿ ಗೆದ್ದ. ಇಪ್ಪತ್ತರ ಗೋಲ್‌ಕೀಪರ್ ಬಗ್ಗೆ ಏನೂ ತೀರ್ಮಾನಿಸಬೇಡಿ.

ಕಾಲೇಜು ದಾರಿ ಈಗ ಏಕೆ ಇಷ್ಟು ಸುದ್ದಿಯಲ್ಲಿದೆ?

ಕೆನಡಾದ ಮೇಜರ್ ಜೂನಿಯರ್‌ನಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮೊದಲು ಮುಚ್ಚಿತ್ತು. 2024ರ ನವೆಂಬರ್‌ನ ತೀರ್ಮಾನದಂತೆ 2025ರ ಆಗಸ್ಟ್‌ನಿಂದ ಅದು ತೆರೆಯಿತು. ಜೂನಿಯರ್ ತಾರೆ ಗ್ಯಾವಿನ್ ಮೆಕೆನ್ನಾ ಕೆನಡಾದ ಮೆಡಿಸಿನ್ ಹ್ಯಾಟ್ ತಂಡ ಬಿಟ್ಟು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಹೀಗೆ. ಕಾಲೇಜಿನಲ್ಲಿ ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ವಾರದ ಉಳಿದ ದಿನ ವ್ಯಾಯಾಮ, ಅಭ್ಯಾಸ. ಎದುರಾಳಿಗಳಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಗಂಡಸರು ಇರುತ್ತಾರೆ. ಮ್ಯಾಕ್ಲಿನ್ ಸೆಲೆಬ್ರಿನಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅಂಥವರ ನಡುವೆ ಹದಿನೇಳಕ್ಕೇ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನೆನಿಸಿದ. ಸ್ಯಾನ್ ಹೋಸೆಗೆ ಬಂದ ಮೊದಲ ವರ್ಷ 70 ಪಂದ್ಯಗಳಲ್ಲಿ 63 ಅಂಕ ಗಳಿಸಿದಾಗ ಯಾರಿಗೂ ಅಚ್ಚರಿಯಾಗಲಿಲ್ಲ.

ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯಗಳಲ್ಲಿ ಮಿಂಚಿದರೆ?

ಎದುರಾಳಿ ತಂಡದಲ್ಲಿ ಅರ್ಧಕ್ಕರ್ಧ ಎಎಚ್‌ಎಲ್ ಆಟಗಾರರಿರುತ್ತಾರೆ. ಖುಷಿಪಡಿ, ನಂಬಬೇಡಿ.

ಹುಟ್ಟಿದ ತಿಂಗಳಿಗೆ ಏಕೆ ಅಷ್ಟು ಮಹತ್ವ?

ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಿದರೆ ಆ ವರ್ಷದ ಡ್ರಾಫ್ಟ್. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನದ ಅಂತರದಲ್ಲಿ ಒಂದು ವರ್ಷ ಕಾಯಬೇಕಾಯಿತು. ಆ ವರ್ಷ ಜ್ಯೂರಿಕ್‌ನಲ್ಲಿ ದೊಡ್ಡವರ ಜೊತೆ ಆಡಿ, 2016ರ ಅಕ್ಟೋಬರ್‌ನಲ್ಲಿ ಟೊರಾಂಟೊ ಪರ ತನ್ನ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದ. ಒಂದೇ ಡ್ರಾಫ್ಟ್‌ನ ಇಬ್ಬರನ್ನು ಹೋಲಿಸುವ ಮೊದಲು ಅವರ ಜನ್ಮದಿನ ನೋಡಿ. ಸುಮಾರು ಒಂದು ವರ್ಷದ ವ್ಯತ್ಯಾಸ ಅದರಲ್ಲಿ ಅಡಗಿರಬಹುದು.

ಭಾರತೀಯ ಮೂಲದವರು ಈ ದಾರಿಯಲ್ಲಿ ಬಂದಿದ್ದಾರೆಯೇ?

ಬಂದಿದ್ದಾರೆ. ಅವರಲ್ಲಿ ಮ್ಯಾನಿ ಮಲ್ಹೋತ್ರಾ ಕಥೆ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. 1998ರಲ್ಲಿ ಏಳನೆಯವನಾಗಿ ನ್ಯೂಯಾರ್ಕ್ ರೇಂಜರ್ಸ್‌ಗೆ ಆಯ್ಕೆಯಾಗಿ ಹದಿನೆಂಟಕ್ಕೇ 73 ಪಂದ್ಯ ಆಡಿದರು, ಹೆಚ್ಚಾಗಿ ಕೊನೆಯ ಸಾಲುಗಳಲ್ಲಿ. ಬಂದದ್ದು 16 ಅಂಕ. ಜೂನಿಯರ್‌ನಲ್ಲಿ ಗೋಲು ಗಳಿಸುತ್ತಿದ್ದ ಹುಡುಗ ಮುಂದೆ ಫೇಸ್‌ಆಫ್ ಮತ್ತು ರಕ್ಷಣೆಯ ತಜ್ಞರಾಗಿ 991 ಪಂದ್ಯ ಆಡಿದರು. ಗೌರವದ ಬದುಕೇ. ಆದರೂ ಆ ಮೊದಲ ವರ್ಷ ಜೂನಿಯರ್‌ನಲ್ಲಿ ಕಳೆದಿದ್ದರೆ ಅವರ ಗೋಲು ಗಳಿಸುವ ಕೈ ಉಳಿಯುತ್ತಿತ್ತೇ ಎಂದು ನಾನು ಈಗಲೂ ಯೋಚಿಸುತ್ತೇನೆ. 2025ರಲ್ಲಿ ಅವರು ತರಬೇತುದಾರರಾಗಿದ್ದ ಅಬಟ್ಸ್‌ಫೋರ್ಡ್ ತಂಡ ಎಎಚ್‌ಎಲ್‌ನ ಕಿರೀಟವಾದ ಕಾಲ್ಡರ್ ಕಪ್ ಗೆದ್ದಿತು. ಆ ತಂಡದಲ್ಲಿದ್ದ ಸರ್ರೆಯ ಅರ್ಷ್‌ದೀಪ್ ಬೈನ್ಸ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. 2021-22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗ್‌ನಲ್ಲಿ 112 ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದ ಆ ಋತುವಿನಲ್ಲೇ ವ್ಯಾಂಕೂವರ್ ಕರೆಯಿತು.

ಮನೆಯಲ್ಲಿ ಕುಳಿತವನು ಯಾವ ಒಂದು ಅಂಕಿಯನ್ನು ಹಿಂಬಾಲಿಸಬಹುದು?

ಪಂದ್ಯಕ್ಕೆ ಎಷ್ಟು ನಿಮಿಷ ಆಡಿದ ಎಂಬುದನ್ನು. ಲೀಗ್‌ನ ಜಾಲತಾಣದಲ್ಲಿ ಪ್ರತಿ ಪಂದ್ಯದ ನಿಮಿಷಗಳು ಸಿಗುತ್ತವೆ. 2022ರ ಮೊದಲ ಆಯ್ಕೆ ಯುರಾಯ್ ಸ್ಲಾಫ್ಕೊವ್ಸ್ಕಿಗೆ ಮಾಂಟ್ರಿಯಲ್‌ನಲ್ಲಿ ಮೊದಲ ವರ್ಷ ಸಿಕ್ಕಿದ್ದು ಸರಾಸರಿ ಸುಮಾರು 12 ನಿಮಿಷ. 39 ಪಂದ್ಯಗಳಲ್ಲಿ ಹತ್ತು ಅಂಕ ಗಳಿಸಿ ಗಾಯಗೊಂಡು ಹೊರಗುಳಿದ. ಮರುವರ್ಷ ಸುಮಾರು 17 ನಿಮಿಷ, ಪವರ್ ಪ್ಲೇಯಲ್ಲೂ (ಶಿಕ್ಷೆಯಿಂದ ಎದುರಾಳಿ ತಂಡದಲ್ಲಿ ಆಟಗಾರರು ಕಡಿಮೆಯಾದಾಗಿನ ಆಟ) ಜಾಗ. 82 ಪಂದ್ಯ, 20 ಗೋಲು, 50 ಅಂಕ. ಅಕ್ಟೋಬರ್‌ನಲ್ಲಿ 14 ನಿಮಿಷ ಆಡುತ್ತಿದ್ದ ಹುಡುಗ ಡಿಸೆಂಬರ್ ಹೊತ್ತಿಗೆ ಒಂಬತ್ತಕ್ಕೆ ಇಳಿದಿದ್ದರೆ ತರಬೇತುದಾರ ಅವನನ್ನು ನಂಬುತ್ತಿಲ್ಲ ಎಂದರ್ಥ. ಆಗ ಅಂಕ ಎಷ್ಟೇ ಇರಲಿ, ಅವನನ್ನು ಬೇರೆಡೆ ಇಪ್ಪತ್ತು ನಿಮಿಷ ಆಡಲು ಕಳಿಸಲಿ ಎಂದು ಹಾರೈಸಿ. ಹತ್ತರಿಂದ ಶುರುವಾಗಿ ಜನವರಿಗೆ ಹದಿನೈದಕ್ಕೆ ಏರಿದ್ದರೆ, ಅಂಕ ಇನ್ನೂ ಕಾಣದಿದ್ದರೂ ಅವನನ್ನು ಅಲ್ಲೇ ಇರಲು ಬಿಡಬೇಕು.